ಈ ಗಿಡಕ್ಕೆ ಇನ್ನೆಷ್ಟು ಜಾಗ ಉಳಿದಿದೆ? ಪಶ್ಚಿಮ ಘಟ್ಟದ ಎಂಡೆಮಿಕ್ ಸಸ್ಯಗಳ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ ಅಳೆಯುವ ಬಗೆ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಗೇರಿನ ಬಳಗಕ್ಕೆ ಸೇರಿದ ಒಂದು ದೊಡ್ಡ ಮರವಿದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಊರಿನ ಹೆಸರೇ ನಿಂತಿದೆ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2000ದಲ್ಲಿ. ಪಶ್ಚಿಮ ಘಟ್ಟದ ಕೆಲವೇ ಜಡ್ಡಿಗಳನ್ನು, ಅಂದರೆ ಕಾಡಿನೊಳಗಿನ ಜೌಗು ನೆಲಗಳನ್ನು, ಬಿಟ್ಟರೆ ಜಗತ್ತಿನ ಬೇರಾವ ಮೂಲೆಯಲ್ಲೂ ಅದು ಇಲ್ಲ. ಹೀಗೆ ಒಂದೇ ಸೀಮೆಗೆ ಅಂಟಿಕೊಂಡು ಬೇರೆಲ್ಲೂ ಕಾಣದ ಗಿಡಮರಗಳನ್ನು ಎಂಡೆಮಿಕ್ ಎನ್ನುತ್ತಾರೆ. ಪಶ್ಚಿಮ ಘಟ್ಟದ ಹೂಬಿಡುವ ಸಸ್ಯಗಳಲ್ಲೇ ಇಂಥವು ಸಾವಿರಕ್ಕೂ ಮೇಲಿವೆ.

ಹವಾಮಾನ ಬದಲಾದಂತೆ ಇವುಗಳ ಗತಿ ಏನು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. "ಎಲ್ಲ ನಾಶವಾಗುತ್ತದೆ" ಎನ್ನುವವರು ಕೆಲವರು, "ಕಾಡು ಇಂಥದ್ದನ್ನೆಲ್ಲ ಎಷ್ಟೋ ನೋಡಿದೆ" ಎನ್ನುವವರು ಕೆಲವರು. ಎರಡರಿಂದಲೂ ಗಿಡಕ್ಕೆ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಗಿಡಕ್ಕೆ ಬೇಕಾದ ತಂಪು, ತೇವ ಜಾಗ ಬದಲಿಸಿದರೆ, ಅದರ ಬೆನ್ನು ಹಿಡಿದು ಹೋಗಲು ಗಿಡಕ್ಕೆ ದಾರಿ ಇದೆಯೇ? ಹೋಗಿ ನಿಲ್ಲಲು ನೆಲ ಉಳಿದಿದೆಯೇ? ಉತ್ತರ ಒಂದೊಂದು ಗಿಡಕ್ಕೂ ಬೇರೆ. ಅದನ್ನು ಕಂಡುಕೊಳ್ಳುವ ಕೆಲಸದ ಬಹುಪಾಲನ್ನು ಕಾಡಿನಂಚಿನ ರೈತರು, ಶಾಲೆ-ಕಾಲೇಜಿನ ಮೇಷ್ಟ್ರುಗಳು, ವಿದ್ಯಾರ್ಥಿಗಳು ಮಾಡಬಹುದು. ಮಾಡಲೇಬೇಕು ಅನ್ನುತ್ತೇನೆ, ಏಕೆಂದರೆ ವರ್ಷವಿಡೀ ಅಲ್ಲೇ ಇರುವವರು ಅವರೇ.

ಆಧಾರವಿಲ್ಲದ ಭಯವೇನೂ ಇದಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇಕಡ 6ರಷ್ಟು ತಗ್ಗಿದೆ. ಎದ್ದು ಕಾಣುವ ಇಳಿಕೆ ಆದದ್ದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಗಿಡಗಳು ಜಾಗ ಬದಲಿಸುತ್ತವೆ ಎಂಬುದಕ್ಕೂ ಸಾಕ್ಷಿ ಇದೆ. ಸಿಕ್ಕಿಂನಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1849-50ರಲ್ಲಿ ಬರೆದಿಟ್ಟ ಎತ್ತರಗಳನ್ನು ಇತ್ತೀಚಿನ ಸಮೀಕ್ಷೆಯೊಂದಿಗೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಡಿದ 124 ಎಂಡೆಮಿಕ್ ಪ್ರಭೇದಗಳಲ್ಲಿ ಶೇಕಡ 87ರಷ್ಟರ ನೆಲೆ ಬದಲಾಗಿತ್ತು. ಹೂಕರ್ ಅಂದು ಎತ್ತರ ಬರೆದಿಡದೇ ಹೋಗಿದ್ದರೆ ಇಂದು ಈ ಮಾತು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಅಂಥ ದಾಖಲೆಯನ್ನು ನಿಮ್ಮೂರಿನಲ್ಲಿ ಹುಟ್ಟುಹಾಕುವ ಬಗ್ಗೆ.

ಮೊದಲು: ಒಂದೇ ಗಿಡ ಆರಿಸಿಕೊಳ್ಳಿ

ಉತ್ಸಾಹದಲ್ಲಿ ಇಡೀ ಕಾಡಿನ ಪಟ್ಟಿ ಮಾಡಲು ಹೊರಡಬೇಡಿ. ನಿಮ್ಮ ಮನೆಯಿಂದ ನಡೆದು ಹೋಗಿ ಬರುವಷ್ಟು ಹತ್ತಿರ ಇರುವ ಒಂದು ಎಂಡೆಮಿಕ್ ಗಿಡ ಸಾಕು. ಆರಿಸುವಾಗ ಅದು ಯಾವುದಕ್ಕೆ ಕಟ್ಟುಬಿದ್ದಿದೆ ಎಂದು ಯೋಚಿಸಿ, ಮುಂದಿನ ಅಳತೆಗಳೆಲ್ಲ ಅದರ ಮೇಲೆ ನಿಂತಿವೆ.

ಕೆಲವು ಗಿಡ ಎತ್ತರಕ್ಕೆ ಕಟ್ಟುಬಿದ್ದವು. ನೀಲಕುರಿಂಜಿ ಸುಮಾರು 1,340ರಿಂದ 2,600 ಮೀಟರ್ ಎತ್ತರದ ಹುಲ್ಲುಗಾವಲಿನ ಗಿಡ. 2024ರಲ್ಲಿ ಅದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಳಿವಿನ ಅಪಾಯವನ್ನು ದಾಖಲಿಸುವ ಕೆಂಪುಪಟ್ಟಿಗೂ ಸೇರಿತು. ಕೆಲವು ನೀರಿಗೆ ಕಟ್ಟುಬಿದ್ದವು. ರಾಮಪತ್ರೆ (ಕಾಡು ಜಾಯಿಕಾಯಿ) ಬಳಗದ ಜಡ್ಡಿ ಮರಗಳು ಹಳ್ಳದ ತಲೆಯಲ್ಲಿ ಬೇಸಿಗೆಯಲ್ಲೂ ನೆಲ ಒದ್ದೆಯಾಗಿರುವಲ್ಲಿ ಮಾತ್ರ ನಿಲ್ಲುತ್ತವೆ. ಇನ್ನು ಸಾಲುಧೂಪದಂಥ ನಿತ್ಯಹರಿದ್ವರ್ಣದ ಮರಗಳು ಮಳೆಯಿಲ್ಲದ ತಿಂಗಳುಗಳ ಲೆಕ್ಕಕ್ಕೆ ಕಟ್ಟುಬಿದ್ದವು. ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಕೂಡ ಘಟ್ಟ ಮತ್ತು ಕರಾವಳಿ ಬಿಟ್ಟು ಹೋಗದ ಮರವೇ. ಊರವರಿಗೆಲ್ಲ ಗುರುತಿರುವುದರಿಂದ ಶಾಲೆಯ ಮಕ್ಕಳೊಂದಿಗೆ ಶುರುಮಾಡಲು ಅದು ಒಳ್ಳೆಯದು.

ಈ ಲೇಖನದಲ್ಲಿ ಹೆಚ್ಚು ಮಾತಾಡುವುದು ಜಡ್ಡಿ ಮರಗಳ ಬಗ್ಗೆ. ಅವುಗಳ ಪರಿಸ್ಥಿತಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುವಂಥದ್ದು.

ಗುರುತು ಖಚಿತ ಮಾಡಿಕೊಳ್ಳುವುದು

ರಾಮಪತ್ರೆ ಎಂದು ಊರಿನಲ್ಲಿ ಕರೆಯುವ ಮರ ಒಂದೇ ಪ್ರಭೇದವಾಗಿರಬೇಕಿಲ್ಲ. ಮಿರಿಸ್ಟಿಕಾ ಮಲಬಾರಿಕಾ ಜಡ್ಡಿಯ ಹೊರಗಿನ ಕಾಡಿನಲ್ಲೂ ಬೆಳೆಯುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಜಡ್ಡಿ ಬಿಟ್ಟು ಕದಲುವುದಿಲ್ಲ. ಬುಡದಲ್ಲಿ ಊರುಗೋಲು ಕೊಟ್ಟಂತೆ ಸುತ್ತಲೂ ಇಳಿದ ಬೇರುಗಳಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಜಡ್ಡಿಯ ಇನ್ನೊಂದು ಮರ ಜಿಮ್ನಾಕ್ರಾಂಥೆರಾ. ಅದರ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಉಸಿರಾಡಲು ಗಾಳಿ ಸಿಗದ ಮಣ್ಣಿನಲ್ಲಿ ಬದುಕಲು ಈ ಮರಗಳು ಕಂಡುಕೊಂಡ ಉಪಾಯ ಇದು. ಒಣನೆಲದಲ್ಲಿ ಈ ಬೇರುಗಳಿಂದ ಏನೂ ಲಾಭವಿಲ್ಲ ಎಂಬುದನ್ನು ನೆನಪಿಡಿ.

ಎಲೆಯ ಮೇಲ್ಭಾಗ, ಅಡಿಭಾಗ, ತೊಗಟೆ, ಬೇರು, ಸಿಕ್ಕರೆ ಹೂವು-ಕಾಯಿ, ಇಷ್ಟರ ಚಿತ್ರ ತೆಗೆಯಿರಿ. ಕೊಂಬೆ ಮುರಿಯಬೇಡಿ, ಬಿದ್ದದ್ದು ಸಾಕು. ಈ ಬಳಗದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನೂರು ಮರ ಇವೆ ಎಂದು ಬರೆದು, ಅವುಗಳಲ್ಲಿ ಕಾಯಿ ಬಿಡುವವು ಎಷ್ಟು ಎಂದು ಬರೆಯದಿದ್ದರೆ ಆ ಸಂಖ್ಯೆಯಿಂದ ಮುಂದಿನ ಪೀಳಿಗೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಅನುಮಾನವಿದ್ದರೆ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಜಡ್ಡಿ ಮರಗಳ ಬಗ್ಗೆ ಕೆಲಸ ಮಾಡಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಾಗಾರದಲ್ಲಿ ಕರ್ನಾಟಕದ ಒಣ ಮಾದರಿಗಳಿವೆ.

ಎರಡು ಎಚ್ಚರಿಕೆ. ಹೊಳಗೇರು ಮತ್ತು ಅದರ ನೆಂಟ ಮರಗಳ ಸೊನೆ ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಮೇಲೆ ಹೇಳಿದ ಕತ್ತಲೆಕಾನಿನ ಮರವೂ ಅದೇ ಬಳಗ. ಗೊತ್ತಿಲ್ಲದ ಮರದ ಚಿಗುರನ್ನು ಕೈಯಲ್ಲಿ ಹೊಸಕಿ ನೋಡಬೇಡಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಲ್ಲಿ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಉಣ್ಣಿಗಳಿಂದ ಮಂಗನ ಕಾಯಿಲೆಯ ಭಯವಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರು ಹೇಳಿದ ಎಣ್ಣೆ ಹಚ್ಚಿಕೊಂಡೇ ಹೊರಡಿ. ಮೀಸಲು ಅರಣ್ಯ, ಅಭಯಾರಣ್ಯಗಳಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲಸ ಶುರುವಾಗುವ ಮೊದಲೇ ವಲಯ ಅರಣ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ.

ಹಳೆಯ ದಾಖಲೆ ಹುಡುಕುವುದು

ನಿಮ್ಮ ಗಿಡ ನೂರು ವರ್ಷದ ಹಿಂದೆ ಎಲ್ಲೆಲ್ಲಿತ್ತು? ಇದಕ್ಕೆ ಉತ್ತರ ಸಸ್ಯಾಗಾರದ ಒಣ ಮಾದರಿಗಳ ಚೀಟಿಯಲ್ಲೂ ಒಂದು ಸೀಮೆಯ ಗಿಡಗಳನ್ನೆಲ್ಲ ವಿವರಿಸುವ ಹಳೆಯ ಪುಸ್ತಕಗಳಾದ ಸಸ್ಯಕೋಶಗಳಲ್ಲೂ ಇದೆ. ಕರ್ನಾಟಕದವರಿಗೆ ಇಲ್ಲೊಂದು ತೊಡಕು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಒಂದೇ ಕಾಡಿನ ಗಿಡಗಳು ಎರಡು ಪುಸ್ತಕಗಳಲ್ಲಿ ಹಂಚಿಹೋಗಿವೆ: ಹೊನ್ನಾವರದ ಗಿಡವನ್ನು ಥಿಯೋಡರ್ ಕುಕ್ ಅವರ ಮುಂಬಯಿ ಪ್ರಾಂತ್ಯದ ಸಸ್ಯಕೋಶದಲ್ಲಿ ಹುಡುಕಬೇಕು, ಸುಬ್ರಹ್ಮಣ್ಯದ ಗಿಡವನ್ನು ಗ್ಯಾಂಬಲ್ ಅವರ ಮದರಾಸು ಪ್ರಾಂತ್ಯದ ಸಸ್ಯಕೋಶದಲ್ಲಿ. ಹಾಸನ ಜಿಲ್ಲೆಗೆ ಸೆಸಿಲ್ ಸಲ್ಡಾನ ಮತ್ತು ನಿಕಲ್ಸನ್ ಅವರ 1976ರ ಸಸ್ಯಕೋಶವಿದೆ. ಹೆಸರುಗಳೂ ಬದಲಾಗಿವೆ. "ಗೇರ್ಸೊಪ್ಪ ಜಲಪಾತ" ಎಂದರೆ ಜೋಗ, "ಮರ್ಕರಾ" ಎಂದರೆ ಮಡಿಕೇರಿ.

ಹಳೆಯ ಚೀಟಿಯಲ್ಲಿ ಬರೀ "ಗೇರ್ಸೊಪ್ಪ" ಎಂದಿದ್ದರೆ ಅದು ಘಟ್ಟದ ಕೆಳಗಿನ ಊರೋ ಮೇಲಿನ ಕಾಡೋ ತಿಳಿಯದು. ಅಂಥದ್ದನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ಇಡಬೇಡಿ, ಸುತ್ತ ಹತ್ತೋ ಇಪ್ಪತ್ತೋ ಕಿಲೋಮೀಟರಿನ ವೃತ್ತ ಬಿಡಿಸಿ. ಚುಕ್ಕೆ ಇಟ್ಟರೆ ಘಟ್ಟದ ಇಳಿಜಾರಿನಲ್ಲಿ ಎತ್ತರದ ಲೆಕ್ಕವೇ 500 ಮೀಟರ್ ತಪ್ಪಬಹುದು. ಆಮೇಲೆ ಅದನ್ನೇ ಹವಾಮಾನದ ಪರಿಣಾಮ ಎಂದು ನಂಬಿಬಿಡುವ ಅಪಾಯವಿದೆ.

"ಈಗ ಕಾಣುತ್ತಿಲ್ಲ" ಎಂಬುದನ್ನು "ನಶಿಸಿದೆ" ಎಂದು ಬರೆಯುವ ಅವಸರವೂ ಬೇಡ. ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಎಂಬ ಹುಲ್ಲನ್ನು 1919ರಲ್ಲಿ ಜೋಗದ ಬಳಿ, ಜಲಪಾತದ ತುಂತುರು ಬೀಳುವಲ್ಲಿ ಸಂಗ್ರಹಿಸಿದ್ದರು. ಆಮೇಲೆ ದಶಕಗಟ್ಟಲೆ ಯಾರಿಗೂ ಸಿಗದೆ ಅದು ನಶಿಸಿತೆಂದೇ ಎಲ್ಲರೂ ಭಾವಿಸಿದ್ದರು. ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಮತ್ತೆ ಸಿಕ್ಕಿತು. ಜೋಗದ ನೀರಿನ ಹರಿವು 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ಮೊದಲಿನಂತಿಲ್ಲ ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ. ಒಂದು ಗಿಡದ ನೆಲೆ ತಪ್ಪಲು ಹವಾಮಾನವೇ ಕಾರಣವಾಗಬೇಕಿಲ್ಲ.

ಅಂಚಿಗೆ ಹೋಗಿ, ಮರಿಗಳನ್ನು ಎಣಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಗಿಡ ದಟ್ಟವಾಗಿರುವಲ್ಲಿಗೆ ಹೋಗಿ ಚಿತ್ರ ತೆಗೆದು ಬರುತ್ತಾರೆ. ಬದಲಾವಣೆ ಮೊದಲು ಕಾಣುವುದು ಅಲ್ಲಲ್ಲ, ನೆಲೆಯ ಅಂಚಿನಲ್ಲಿ. ಅದರಲ್ಲೂ ಬಿಸಿಲು, ಒಣಗು ಜಾಸ್ತಿ ಇರುವ ಅಂಚಿನಲ್ಲಿ. ಬೆಟ್ಟದ ಗಿಡವಾದರೆ ಅದು ಸಿಗುವ ಅತಿ ಕೆಳಗಿನ ಜಾಗ. ಜಡ್ಡಿ ಮರವಾದರೆ ಬೇಸಿಗೆಯಲ್ಲಿ ಮೊದಲು ಒಣಗುವ ಜಡ್ಡಿ. ನಿತ್ಯಹರಿದ್ವರ್ಣದ ಮರವಾದರೆ ಕಾಡು ಎಲೆ ಉದುರಿಸುವ ಕಾಡಾಗಿ ಬದಲಾಗುವ ಪೂರ್ವದ ಅಂಚು.

ದೊಡ್ಡ ಮರಗಳನ್ನು ನೋಡಿ ಸಮಾಧಾನಪಡಬೇಡಿ. ಒಮ್ಮೆ ಬೇರು ಬಿಟ್ಟ ಮರ ಹವೆ ಕೆಟ್ಟರೂ ಎಷ್ಟೋ ದಶಕ ತಾಳಿಕೊಳ್ಳುತ್ತದೆ. ಮೊದಲ ಬೇಸಿಗೆಯಲ್ಲೇ ಸಾಯುವುದು ಮೊಳಕೆ. ಹೀಗಾಗಿ ನಕ್ಷೆಯಲ್ಲಿ ಗಿಡ ಇನ್ನೂ ಇದೆ ಎಂದು ಕಾಣುತ್ತಿರುವಾಗಲೇ ಆ ಜಾಗದಲ್ಲಿ ಅದರ ವಂಶ ನಿಂತುಹೋಗಿರಬಹುದು.

ಅಳತೆ ಹೀಗೆ. ಹಗ್ಗ ಹಿಡಿದು 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಮಾಡಿ. ಮೂಲೆಗಳಿಗೆ ಕಲ್ಲು ನೆಡಿ, ಹತ್ತಿರದ ದೊಡ್ಡ ಮರದಿಂದ ಎಷ್ಟು ಹೆಜ್ಜೆ ಎಂದು ಬರೆದುಕೊಳ್ಳಿ. ಚೌಕದೊಳಗೆ ನಿಮ್ಮ ಗಿಡವನ್ನು ನಾಲ್ಕು ಗುಂಪಾಗಿ ಎಣಿಸಿ: ಮೊಣಕಾಲಿಗಿಂತ ಕೆಳಗಿನ ಮೊಳಕೆಗಳು, ಮೊಣಕಾಲಿನಿಂದ ಎದೆಮಟ್ಟದವರೆಗಿನ ಮರಿಗಳು, ಎದೆಮಟ್ಟ ದಾಟಿದ ಆದರೆ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ಮುಟ್ಟದ ಎಳೆಮರಗಳು, 30 ದಾಟಿದ ಮರಗಳು. ಅಂಚಿನಲ್ಲಿ ಇಂಥ ಐದಾರು ಚೌಕ, ನೆಲೆಯ ನಡುವೆ ಐದಾರು ಚೌಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ನಡುವೆ ನಾಲ್ಕೂ ಗುಂಪು ತುಂಬಿದ್ದು ಅಂಚಿನಲ್ಲಿ ಎರಡನೆಯ, ಮೂರನೆಯ ಗುಂಪು ಖಾಲಿ ಇದ್ದರೆ ಅದು ಗಂಭೀರ ಸೂಚನೆ. ಮೊಳಕೆ ಬರುತ್ತಿದೆ, ಬೇಸಿಗೆ ದಾಟುತ್ತಿಲ್ಲ ಎಂದರ್ಥ. ಮೊಳಕೆಯೇ ಇಲ್ಲದಿದ್ದರೆ ಹೆಣ್ಣು ಮರ ಇಲ್ಲದಿರಬಹುದು, ಬೀಜ ಹೊರುವ ಮಂಗಟ್ಟೆ ಹಕ್ಕಿ ಬರದಿರಬಹುದು, ಕಾಯಿಯನ್ನು ಮನುಷ್ಯರೇ ಪೂರ್ತಿ ಕೊಯ್ದಿರಬಹುದು. ಅದು ಬೇರೆ ಕಥೆ. ಗಿಡ ಇರಬಹುದೆಂದು ಹುಡುಕಿ ಸಿಗದ ಜಾಗಗಳನ್ನೂ ತಪ್ಪದೆ ಬರೆಯಿರಿ. "ಹುಡುಕಿದೆ, ಇಲ್ಲ" ಎಂಬ ಸಾಲು ಮುಂದೆ ಬರುವವರಿಗೆ ಬಹಳ ದೊಡ್ಡ ಸಹಾಯ.

ಜಾಗ ಗುರುತಿಸಲು ಮೊಬೈಲಿನ ಜಿಪಿಎಸ್ ಸಾಕು, ಆದರೆ ದಟ್ಟ ಮರದಡಿ ಅದು ತಪ್ಪು ತೋರಿಸುವುದು ಹೆಚ್ಚು. ಪರದೆಯ ಮೇಲೆ ತೋರುವ ತಪ್ಪಿನ ಮೀಟರನ್ನೂ ಬರೆದುಕೊಳ್ಳಿ. ಎತ್ತರಕ್ಕೆ ಮೊಬೈಲನ್ನು ನಂಬಬೇಡಿ. ಹತ್ತಾರು ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟದ ಸಮೋನ್ನತ ರೇಖೆ ನೋಡಿ ಬರೆಯುವುದು ಮೇಲು.

ಜಡ್ಡಿಯಾದರೆ ಇನ್ನೊಂದು ಅಳತೆ ಸೇರಿಸಿ. ಹಳ್ಳದ ನಡುವೆ ಗಟ್ಟಿ ಗೂಟವೊಂದನ್ನು ಹೊಡೆದು ಸೆಂಟಿಮೀಟರ್ ಗುರುತು ಹಾಕಿ. ಜನವರಿಯಿಂದ ಮಳೆ ಹಿಡಿಯುವವರೆಗೆ ತಿಂಗಳಿಗೆರಡು ಸಲ ನೀರಿನ ಮಟ್ಟ ಬರೆಯಿರಿ. ನೀರು ಮೇಲೆ ಕಾಣದಾದ ದಿನ ಯಾವುದು, ಮತ್ತೆ ಕಂಡ ದಿನ ಯಾವುದು, ಇವೆರಡರ ನಡುವಿನ ಅಂತರ ಜಡ್ಡಿ ಮರಗಳ ಪಾಲಿಗೆ ಉಷ್ಣತೆಗಿಂತ ದೊಡ್ಡ ವಿಷಯ.

ಒಣ ತಿಂಗಳುಗಳ ಲೆಕ್ಕ

ಮಳೆ ಕಡಿಮೆಯಾಯಿತೇ ಎಂದು ಕೇಳಿದರೆ ಎಲ್ಲರೂ ವರ್ಷದ ಒಟ್ಟು ಮಳೆ ನೋಡುತ್ತಾರೆ. ಘಟ್ಟದ ಗಿಡಗಳಿಗೆ ಅದರಿಂದ ತಿಳಿಯುವುದು ಕಡಿಮೆ. ಜುಲೈನಲ್ಲಿ ಇನ್ನೊಂದು ಸಾವಿರ ಮಿಲಿಮೀಟರ್ ಸುರಿದರೂ ಅದು ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ, ಏಪ್ರಿಲ್‌ನ ಮೊಳಕೆಗೆ ಉಪಕಾರವಿಲ್ಲ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಜೀನ್-ಪಿಯೆರ್ ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ಕಾಡುಗಳ ನಕ್ಷೆ ಮಾಡಿದಾಗ ಒಣಗಾಲದ ಉದ್ದಕ್ಕೆ ಕೊಟ್ಟ ಮಹತ್ವ ಇಂದಿಗೂ ದಾರಿ ತೋರುತ್ತದೆ. ಕೇರಳದ ತೆಂಕಣದಿಂದ ಮಹಾರಾಷ್ಟ್ರದ ಕಡೆ ಹೋದಂತೆ ಒಣಗಾಲ ಉದ್ದವಾಗುತ್ತ ಹೋಗುತ್ತದೆ, ಎಂಡೆಮಿಕ್ ಮರಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಹಲವು ಮರಗಳಿಗೆ ಉತ್ತರದ ಗಡಿ ನಮ್ಮ ಉತ್ತರ ಕನ್ನಡದಲ್ಲೇ ಬೀಳುತ್ತದೆ. ಒಣಗಾಲ ಒಂದು ತಿಂಗಳು ಹಿಗ್ಗಿದರೆ ಮೊದಲು ಪೆಟ್ಟು ತಿನ್ನುವುದು ಇವೇ.

ಲೆಕ್ಕ ಸುಲಭ. ಒಂದು ತಿಂಗಳ ಮಳೆ, ಮಿಲಿಮೀಟರಿನಲ್ಲಿ, ಆ ತಿಂಗಳ ಸರಾಸರಿ ಉಷ್ಣತೆಯ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಅದು ಒಣ ತಿಂಗಳು. ಸರಾಸರಿ 26 ಡಿಗ್ರಿ ಇದ್ದ ಮಾರ್ಚ್‌ನಲ್ಲಿ 40 ಮಿಲಿಮೀಟರ್ ಮಳೆ ಬಂದರೆ, 52ಕ್ಕಿಂತ ಕಡಿಮೆ, ಒಣ ತಿಂಗಳು. ವರ್ಷಕ್ಕೆ ಎಷ್ಟು ಒಣ ತಿಂಗಳು, ಅವುಗಳಲ್ಲಿ ಸತತವಾಗಿ ಬಂದವೆಷ್ಟು ಎಂದು ಪಟ್ಟಿ ಮಾಡಿ. ಒಂದೆರಡು ವರ್ಷ ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತು ಹತ್ತು ವರ್ಷದ ಸರಾಸರಿ ಹೋಲಿಸಿ, ಮೂವತ್ತು ವರ್ಷದ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು. ಉಷ್ಣತೆ ಏರಿದರೆ ಮಳೆ ಅಷ್ಟೇ ಇದ್ದರೂ ಒಣ ತಿಂಗಳು ಹೆಚ್ಚುತ್ತದೆ ಎಂಬುದನ್ನು ಈ ಲೆಕ್ಕವೇ ತೋರಿಸಿಕೊಡುತ್ತದೆ.

ಮಳೆಯ ಅಂಕಿ ಎಲ್ಲಿ ಸಿಗುತ್ತದೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದಕ್ಕಿಂತ ಹಳೆಯದು ಬೇಕಾದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೆ ಹೋಗಿ. ಹೂಮಳೆಗಾಗಿ ಕಾಯುವ ಬೆಳೆಗಾರರ ಮನೆಗಳಲ್ಲಿ ಅಜ್ಜನ ಕಾಲದಿಂದ ದಿನದಿನದ ಮಳೆಯನ್ನು ಇಂಚಿನಲ್ಲಿ ಬರೆದಿಟ್ಟ ಪುಸ್ತಕಗಳಿರುತ್ತವೆ. ಮಲೆನಾಡಿನ ಅಡಿಕೆ ತೋಟದವರಲ್ಲೂ ಈ ರೂಢಿ ಇದೆ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಈ ಪುಸ್ತಕಗಳು ಗೆದ್ದಲಿಗೆ ಹೋಗುತ್ತಿವೆ; ಮನೆಯವರ ಒಪ್ಪಿಗೆ ಪಡೆದು ಪುಟಪುಟವನ್ನೂ ಚಿತ್ರ ತೆಗೆದಿಡುವುದೇ ಒಂದು ದೊಡ್ಡ ಕೆಲಸ.

ಬೆಟ್ಟದ ಗಿಡವಾದರೆ: ಮೇಲೆ ಎಷ್ಟು ಬೆಟ್ಟ ಉಳಿದಿದೆ

ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಅಂದರೆ 1 ಡಿಗ್ರಿ ಏರಿಕೆಯನ್ನು ಸರಿದೂಗಿಸಲು ಗಿಡ ಸುಮಾರು 150 ಮೀಟರ್ ಮೇಲೆ ಹೋಗಬೇಕು, 2 ಡಿಗ್ರಿಗೆ 300 ಮೀಟರ್. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ನೀಲಕುರಿಂಜಿಯ ಕೆಳಗಡಿ 1,340 ಎಂದಿಟ್ಟುಕೊಂಡರೆ ಈಗ ಅದಕ್ಕೆ 590 ಮೀಟರ್ ಎತ್ತರದ ಪಟ್ಟಿ ಇದೆ. 2 ಡಿಗ್ರಿ ಏರಿದರೆ ಕೆಳಗಡಿ 1,640ಕ್ಕೆ ಬರುತ್ತದೆ, ಉಳಿಯುವುದು 290 ಮೀಟರ್. ಎತ್ತರ ಅರ್ಧವಾಯಿತು ಅಷ್ಟೇ ತಾನೇ ಎನ್ನಬೇಡಿ. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ. ಅದನ್ನು ಶಂಕುವಿನ ಆಕಾರ ಎಂದುಕೊಂಡು ಲೆಕ್ಕ ಹಾಕಿದರೆ ಉಳಿಯುವ ನೆಲ ಕಾಲುಭಾಗ ಮಾತ್ರ. ಕೊಡಚಾದ್ರಿಯಂಥ 1,343 ಮೀಟರಿನ ಬೆಟ್ಟದ ತುದಿಯಲ್ಲಿ ಈಗಾಗಲೇ ನಿಂತಿರುವ ಗಿಡಕ್ಕೆ ಅಷ್ಟೂ ಇಲ್ಲ.

ಇದು ಒರಟು ಲೆಕ್ಕ. ಮಂಜು, ಗಾಳಿ, ಮಣ್ಣಿನ ಆಳ ಇದರಲ್ಲಿ ಇಲ್ಲ. ಆದರೂ ನಿಮ್ಮ ಗಿಡ ಯಾವ ಸಾಲಿನಲ್ಲಿದೆ ಎಂದು ಮೊದಲ ನೋಟಕ್ಕೆ ತಿಳಿಸುತ್ತದೆ. ಪಕ್ಕದ ಎತ್ತರದ ಬೆಟ್ಟಕ್ಕೆ ಹೋಗಬಹುದಲ್ಲ ಎಂದರೆ, ನಡುವಿನ ಕಣಿವೆ ದಾಟಬೇಕು. ನೀಲಗಿರಿಗೂ ಆನೆಮಲೆಗೂ ನಡುವೆ ಪಾಲಕ್ಕಾಡಿನ ಕಣಿವೆ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಬೀಜ ಕಟ್ಟುವ ಗಿಡ ಅದನ್ನು ನಮ್ಮ ಆಯುಷ್ಯದಲ್ಲಿ ದಾಟುವುದಿಲ್ಲ.

ಕಂಪ್ಯೂಟರ್ ನಕ್ಷೆ: ಮಾಡುವುದು, ಓದುವುದು

ಗಿಡ ಸಿಕ್ಕ ಜಾಗಗಳನ್ನೂ ಹವಾಮಾನದ ನಕ್ಷೆಗಳನ್ನೂ ಕೊಟ್ಟರೆ ಮುಂದೆ ಆ ಗಿಡಕ್ಕೆ ಹೊಂದುವ ಜಾಗ ಎಲ್ಲಿರಬಹುದು ಎಂದು ಹೇಳುವ ತಂತ್ರಾಂಶಗಳಿವೆ. ಹೆಚ್ಚು ಬಳಕೆಯಲ್ಲಿರುವುದು ಮ್ಯಾಕ್ಸೆಂಟ್, ಉಚಿತ. ಹವಾಮಾನದ ನಕ್ಷೆಗಳು ವರ್ಲ್ಡ್‌ಕ್ಲಿಮ್‌ನಲ್ಲಿ ಸಿಗುತ್ತವೆ: 1970ರಿಂದ 2000ದ ಸರಾಸರಿ, ಉಷ್ಣತೆ-ಮಳೆಗಳಿಂದ ಲೆಕ್ಕ ಹಾಕಿದ 19 ಅಂಶಗಳು, ಸುಮಾರು 1 ಕಿಲೋಮೀಟರಿನ ಚೌಕಗಳಲ್ಲಿ. ವಿಜ್ಞಾನ ಪದವಿಯ ವಿದ್ಯಾರ್ಥಿ ಕೆಲವು ವಾರದಲ್ಲಿ ಕಲಿಯಬಹುದು. ಕಲಿಯುವುದಕ್ಕಿಂತ ಕಷ್ಟ ಅದರ ಉತ್ತರವನ್ನು ಎಷ್ಟು ನಂಬಬೇಕೆಂದು ತಿಳಿಯುವುದು.

ಗಿಡದ ದಾಖಲೆಗಳು ಹೆಚ್ಚಾಗಿ ರಸ್ತೆಯ ಬದಿಯವು. ಹಾಗೇ ಕೊಟ್ಟರೆ ತಂತ್ರಾಂಶ ಗಿಡದ ಬದಲು ರಸ್ತೆಯ ಹವಾಮಾನ ಕಲಿಯುತ್ತದೆ. ಒಂದೇ ಚೌಕದಲ್ಲಿ ಹತ್ತು ದಾಖಲೆ ಇದ್ದರೆ ಒಂದನ್ನೇ ಇಟ್ಟುಕೊಳ್ಳಿ. 19 ಅಂಶಗಳನ್ನೂ ತುರುಕಬೇಡಿ. ಅವುಗಳಲ್ಲಿ ಬಹಳಷ್ಟು ಒಂದರ ನೆರಳು ಇನ್ನೊಂದು. ಅತಿ ಒಣ ಮೂರು ತಿಂಗಳ ಮಳೆ, ಅತಿ ಬಿಸಿ ತಿಂಗಳ ಗರಿಷ್ಠ ಉಷ್ಣತೆ, ಮಳೆಯ ಏರಿಳಿತ, ಹೀಗೆ ನಿಮ್ಮ ಗಿಡದ ಬದುಕಿಗೆ ಅರ್ಥವಿರುವ ನಾಲ್ಕೈದನ್ನು ಕಾರಣಸಹಿತ ಆರಿಸಿ. ಹೋಲಿಕೆಗೆ ಇಡೀ ಭಾರತವನ್ನು ತೆಗೆದುಕೊಂಡರೆ "ರಾಮಪತ್ರೆ ರಾಜಸ್ಥಾನದಲ್ಲಿ ಇಲ್ಲ" ಎಂದು ಹೇಳಿ ತಂತ್ರಾಂಶ ನೂರಕ್ಕೆ ತೊಂಬತ್ತೈದು ಅಂಕ ಗಿಟ್ಟಿಸುತ್ತದೆ. ಘಟ್ಟದೊಳಗೇ ಹೋಲಿಸಿ, ಅಂಕ ಕಡಿಮೆ ಬರಲಿ, ಉತ್ತರ ನಿಜವಾಗಿರುತ್ತದೆ.

ಮುಂದಿನ ಹವಾಮಾನಕ್ಕೆ ಒಂದೇ ಮಾದರಿ ಬಳಸಬೇಡಿ. ಇಂಗಾಲದ ಹೊಗೆ ಎಷ್ಟು ಹೆಚ್ಚೀತು ಎಂಬ ಊಹೆಗಳಲ್ಲಿ ಎಸ್‌ಎಸ್‌ಪಿ2-4.5 ನಡುವಿನದು, ಎಸ್‌ಎಸ್‌ಪಿ5-8.5 ಅತಿ ಹೆಚ್ಚಿನದು. ಎರಡನ್ನೂ, ಮೂರ್ನಾಲ್ಕು ಹವಾಮಾನ ಮಾದರಿಗಳೊಂದಿಗೆ ನೋಡಿ. ಘಟ್ಟದ ಮುಂದಿನ ಮಳೆಯ ಬಗ್ಗೆ ಮಾದರಿಗಳೇ ಪರಸ್ಪರ ಒಪ್ಪುವುದಿಲ್ಲ. ಎಲ್ಲವೂ ಒಪ್ಪುವ ಜಾಗಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ.

ನಕ್ಷೆ ಬಂದ ಮೇಲೆ ಹಸಿರು ಕಂಡಲ್ಲೆಲ್ಲ ಗಿಡ ಇರುತ್ತದೆ ಎಂದುಕೊಳ್ಳಬಾರದು. ಅಲ್ಲಿ ಹವೆ ಹೊಂದುತ್ತದೆ, ಅಷ್ಟೇ. ಅಲ್ಲಿ ಈಗ ಊರಿರಬಹುದು, ಅಕೇಶಿಯಾ ನೆಡುತೋಪು ಇರಬಹುದು, ಜಲಾಶಯ ಇರಬಹುದು. ಬೀಜ ಅಲ್ಲಿಗೆ ತಲುಪುವ ಬಗೆಯೂ ಬೇಕು. ಜಡ್ಡಿ ಮರಗಳ ವಿಷಯದಲ್ಲಂತೂ ಈ ನಕ್ಷೆಗಳನ್ನು ನಾನು ತೀರಾ ಎಚ್ಚರದಿಂದ ನೋಡುತ್ತೇನೆ. ಜಡ್ಡಿಯ ಅಗಲ ಎಷ್ಟೋ ಕಡೆ ಕೆಲವು ಹತ್ತು ಮೀಟರ್. 1 ಕಿಲೋಮೀಟರಿನ ಚೌಕಕ್ಕೆ ಅದು ಕಾಣುವುದೇ ಇಲ್ಲ. ಹಾಗಾಗಿ ನಕ್ಷೆ ಎಷ್ಟು ಹಸಿರಾಗಿದ್ದರೂ ಗೂಟದ ಮೇಲಿನ ನೀರಿನ ಗುರುತಿಗೇ ನನ್ನ ನಂಬಿಕೆ ಹೆಚ್ಚು.

ಹವಾಮಾನದ ತಲೆಗೆ ಕಟ್ಟುವ ಮೊದಲು

ಅಂಚಿನಲ್ಲಿ ಮರಿಗಳಿಲ್ಲ, ನೀರು ಬೇಗ ಬತ್ತುತ್ತಿದೆ ಎಂದು ತಿಳಿದ ಮೇಲೆ ಹಳ್ಳದ ಗುಂಟ ಮೇಲಕ್ಕೆ ನಡೆದು ನೋಡಿ. ತೋಟಕ್ಕೆ ಪೈಪು ಎಳೆದಿದ್ದಾರೆಯೇ? ಮೇಲೆ ರಸ್ತೆ ಕಡಿದು ಒರತೆ ಮುಚ್ಚಿದೆಯೇ? ದರಕು (ಉದುರಿದ ಒಣ ಎಲೆ) ಗುಡಿಸಿ ಒಯ್ಯುವುದರಿಂದ ಮೊಳಕೆಗಳೂ ಹೋಗುತ್ತಿವೆಯೇ? ದನ ಮೇಯುತ್ತದೆಯೇ, ಬೆಂಕಿ ಬಿದ್ದಿದೆಯೇ, ಲಂಟಾನಾ ಕವಿದಿದೆಯೇ? ಎಷ್ಟೋ ಜಡ್ಡಿಗಳು ಹವಾಮಾನದ ಮಾತು ಬರುವ ಮೊದಲೇ ಗದ್ದೆ, ಅಡಿಕೆ ತೋಟಗಳಾಗಿ ಹೋಗಿವೆ. ಈ ತೊಂದರೆಗಳಿಲ್ಲದ ಜಡ್ಡಿಯಲ್ಲೂ ಮರಿಗಳು ಸಾಯುತ್ತಿದ್ದರೆ ಹವಾಮಾನದ ಕಡೆ ಬೆರಳು ತೋರಿಸಬಹುದು. ಎರಡೂ ಸೇರಿ ಕೆಲಸ ಮಾಡುವುದೇ ಹೆಚ್ಚು: ಉದ್ದವಾದ ಬೇಸಿಗೆಯಲ್ಲಿ ತೋಟಕ್ಕೂ ನೀರು ಹೆಚ್ಚು ಬೇಕು, ಪೈಪು ಇನ್ನೂ ಮೇಲಕ್ಕೆ ಹೋಗುತ್ತದೆ. ತೋಟದವರನ್ನು ದೂರಿ ಫಲವಿಲ್ಲ, ಅವರ ಸಂಕಟವೂ ಅದೇ ಹವಾಮಾನದ್ದು. ಕೂತು ಮಾತಾಡಿ, ಏಪ್ರಿಲ್-ಮೇ ತಿಂಗಳಲ್ಲಾದರೂ ಹಳ್ಳಕ್ಕೆ ಒಂದಷ್ಟು ನೀರು ಬಿಡುವ ಒಪ್ಪಂದ ಮಾಡಿಕೊಳ್ಳಬಹುದು.

ತಿಳಿದ ಮೇಲೆ ಏನು ಮಾಡಬೇಕು

ಹವೆ ಕೆಟ್ಟಾಗಲೂ ತಂಪು ಉಳಿಯುವ ಜಾಗಗಳನ್ನು ಮೊದಲು ಕಾಯಿರಿ: ಉತ್ತರಕ್ಕೆ ಮುಖಮಾಡಿದ ಆಳವಾದ ಕಣಿವೆ, ಬತ್ತದ ಒರತೆಯ ತಲೆ, ದೇವರಕಾಡು, ಕಾನು, ನಾಗಬನ. ಇವುಗಳ ನಡುವೆ ಮರಗಳ ಕೊಂಡಿ ಉಳಿದಿದ್ದರೆ ಮಂಗಟ್ಟೆ ಬೀಜ ಹೊತ್ತೊಯ್ಯುತ್ತದೆ. ಮನುಷ್ಯರು ಮಾಡುವ ಯಾವ ನೆಡುತೋಪಿಗಿಂತ ಅದು ಅಗ್ಗ.

ಸಸಿ ಬೆಳೆಸುವುದಾದರೆ ರಾಮಪತ್ರೆ, ಸಾಲುಧೂಪದ ಬೀಜ ಒಣಗಿಸಿ ಡಬ್ಬದಲ್ಲಿಡುವಂಥದ್ದಲ್ಲ ಎಂಬುದು ನೆನಪಿರಲಿ. ಒಣಗಿದರೆ ಸತ್ತಿತು. ಬಿದ್ದ ಹಣ್ಣು ಆರಿಸಿ ತೇವದಲ್ಲೇ ತಂದು ಬೇಗ ಬಿತ್ತಬೇಕು. ಒಂದೇ ತಾಯಿಮರದ ಬೀಜ ಬೇಡ, ಸಾಧ್ಯವಾದಷ್ಟು ಬೇರೆ ಬೇರೆ ಮರಗಳದ್ದು ಬೆರೆಸಿ, ಬಿದ್ದದ್ದರಲ್ಲಿ ಸ್ವಲ್ಪ ಮಾತ್ರ ತನ್ನಿ. ನೆಡುವುದು ಅದೇ ಹಳ್ಳದ ಗುಂಟ, ನೀರು ಉಳಿಯುವ ಕಡೆ. ಮುಂದೆ ಬಿಸಿಯಾಗುತ್ತದೆಂದು ಈಗಲೇ ಗಿಡವನ್ನು ದೂರದ ಬೆಟ್ಟಕ್ಕೆ ಒಯ್ದು ನೆಡುವ ಮಾತು ಅಲ್ಲಲ್ಲಿ ಕೇಳುತ್ತದೆ. ಅಲ್ಲಿಯ ಹುಲ್ಲುಗಾವಲಿಗೋ ಅಲ್ಲಿಯದೇ ಎಂಡೆಮಿಕ್ ಗಿಡಗಳಿಗೋ ಅದರಿಂದ ಆಗುವ ಹಾನಿ ತಿಳಿಯದೆ ಸ್ವಂತವಾಗಿ ಹಾಗೆ ಮಾಡಬೇಡಿ.

ನಿಮ್ಮ ದಾಖಲೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಸೇರಬೇಕು. 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗುವ ಈ ಸಮಿತಿಯೇ ಊರಿನ ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಒಮ್ಮೆ ಅದರಲ್ಲಿ ಗಿಡದ ಹೆಸರು, ಎಣಿಕೆ, ನೀರಿನ ಮಟ್ಟ ಸೇರಿದರೆ ಮುಂದೆ ಹಳ್ಳದ ಮೇಲೆ ಯಾವ ಯೋಜನೆ ಬಂದರೂ ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ. ಅಂತರ್ಜಾಲದಲ್ಲಿ ಹಾಕುವಾಗ ಮಾತ್ರ ಅಪರೂಪದ ಗಿಡದ ನಿಖರ ಜಾಗ ಮರೆಮಾಡಿ. ಐನ್ಯಾಚುರಲಿಸ್ಟ್‌ನಲ್ಲಿ ಅಳಿವಿನಂಚಿನ ಹಲವು ಪ್ರಭೇದಗಳಿಗೆ ಅದು ತಾನಾಗಿಯೇ ಆಗುತ್ತದೆ, ಉಳಿದವುಗಳಿಗೆ ನೀವೇ ಆರಿಸಬೇಕು. ಸೀತಾಳೆ ದಂಡೆ ಎಂಬ ಆರ್ಕಿಡ್, ಔಷಧಿ ಗಿಡ, ರಾಮಪತ್ರೆ, ಇವುಗಳ ಜಾಗ ತಿಳಿದರೆ ಕೊಯ್ಯಲು ಬರುವವರೂ ಇದ್ದಾರೆ.

ಚೌಕಗಳ ಎಣಿಕೆಯನ್ನು ಐದು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಮತ್ತೆ ಮಾಡಿ, ಅದೇ ಕಲ್ಲುಗಳ ನಡುವೆ. ನೀರಿನ ಗೂಟವನ್ನು ಪ್ರತಿ ಮಳೆಗಾಲ ಕಳೆದ ಮೇಲೆ ನೋಡಿ, ಕೊಚ್ಚಿಹೋಗಿದ್ದರೆ ಅದೇ ಮಟ್ಟಕ್ಕೆ ಹೊಸದು ಹೊಡೆಯಿರಿ. ಮಟ್ಟ ತಿಳಿಯಲು ಪಕ್ಕದ ಬಂಡೆಯ ಮೇಲೆ ಬಣ್ಣದ ಗೆರೆ ಇರಲಿ. ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಊರಿನ ಶಾಲೆಯಲ್ಲಿ ಇಡಿ, ಮತ್ತು ಚೌಕಗಳು ಎಲ್ಲಿವೆ ಎಂದು ನಿಮಗಿಂತ ಚಿಕ್ಕವರೊಬ್ಬರಿಗೆ ನಡೆದು ತೋರಿಸಿ.